ಕಾಕಿಗೆ ನಾನು ಮೂಗಾಗಿದ್ದ ಚಳಿಗಾಲ

ಬರೆಯಲು ಕೂರುವ ಮೊದಲೇ ಒಂದು ಮಾತು. ಇಲ್ಲಿ ಹೇಳಹೊರಟಿರುವುದರಲ್ಲಿ ಕೆಲವು ಸಂಗತಿಗಳು ನನಗೆ ತಪ್ಪಾಗಿ ನೆನಪಿರಬಹುದು. ಕಾಕಾನ ದವಾಖಾನೆಯ ಬಾಗಿಲು ಹಸಿರು ಬಣ್ಣದ್ದು ಎಂದು ನಾನು ಹೇಳುತ್ತೇನೆ, ನೀಲಿ ಎಂದು ಅಪ್ಪ ಹೇಳುತ್ತಾನೆ. ಹುಗ್ಗಿಯ ಪಾತ್ರೆ ಹಿತ್ತಾಳೆಯದು ಎಂಬುದು ನನ್ನ ಕಣ್ಣಿಗೆ ಕಟ್ಟಿದಂತಿದೆ; ಸ್ಟೀಲಿನದು ಎಂದು ಅವ್ವ ವಾದಿಸುತ್ತಾಳೆ, ಅವ್ವ ಅವತ್ತು ಅಲ್ಲಿರಲೇ ಇಲ್ಲ. ವಿಶ್ವವಿದ್ಯಾಲಯದಲ್ಲಿ ಯಾವ ಮಾತಿಗೂ ಆಧಾರ ಕೇಳಬೇಕೆಂದು ಕಲಿಸಿದರು. ನನ್ನದೇ ಬಾಲ್ಯಕ್ಕೆ ಹೋಗಿ ಆಧಾರ ಕೇಳಿದರೆ ಅದು ಬೇರೆ ಕಡೆ ಮುಖ ತಿರುಗಿಸುತ್ತದೆ. ವಾಸನೆಗಳ ವಿಷಯದಲ್ಲಿ ಮಾತ್ರ ನನಗೆ ಒಂದಿಷ್ಟು ಧೈರ್ಯವಿದೆ. ಆ ಚಳಿಗಾಲದಲ್ಲಿ ವಾಸನೆ ನೋಡುವುದೇ ನನ್ನ ಕೆಲಸವಾಗಿತ್ತು.

ಆಗೆಲ್ಲ ಭಾಲ್ಕಿಯ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಏನು ಬೇಯುತ್ತಿದೆ ಎಂಬುದು ಬೀದಿಗೇ ಗೊತ್ತಾಗುತ್ತಿತ್ತು. ಬೆಳಿಗ್ಗೆ ಜೋಳದ ರೊಟ್ಟಿ ಹಂಚಿನ ಮೇಲೆ ಉಬ್ಬುವ ವಾಸನೆ, ಮಧ್ಯಾಹ್ನ ತೊಗರಿಬೇಳೆಗೆ ಬೀಳುವ ಬೆಳ್ಳುಳ್ಳಿ ಒಗ್ಗರಣೆ, ಸಂಜೆ ಬಾಗಿಲ ಬಾಗಿಲಿಗೆ ಲೋಬಾನದ ಹೊಗೆ. ನನ್ನ ತಮ್ಮ ಹುಟ್ಟಿದ ವರ್ಷ ಅದು. ಬೀದರ್‌ನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಅವ್ವನಿಗೆ ಕೂಸಿನ ಜೊತೆ ನನ್ನನ್ನೂ ನೋಡಿಕೊಳ್ಳುವುದು ಕಷ್ಟವೆಂದು ಅಪ್ಪ ನನ್ನನ್ನು ಭಾಲ್ಕಿಯ ಶಾಲೆಗೆ ಹಾಕಿದ್ದ. ಆ ಮನೆಯಲ್ಲಿ ಇದ್ದವರು ಅಪ್ಪನ ತಾಯಿ ಆಯಿ, ಅಪ್ಪನ ತಮ್ಮ ಬಸು ಕಾಕಾ ಮತ್ತು ಅವನ ಹೆಂಡತಿ ಕಾಕಿ. ಕಾಕಾ ಹೋಮಿಯೋಪತಿ ಓದಿಕೊಂಡು ಬಂದು ಬಸ್ ನಿಲ್ದಾಣದ ಹತ್ತಿರ ಸಣ್ಣ ದವಾಖಾನೆ ಇಟ್ಟುಕೊಂಡಿದ್ದ. ಸಂತೆಯ ದಿನ ಔರಾದಿಗೂ ಹೋಗಿ ಕೂರುತ್ತಿದ್ದ.

ಕಾಕಿ ಔರಾದ ಕಡೆಯ ಸಂತಪುರದವಳು. ಅಡುಗೆಯಲ್ಲಿ ಅವಳದು ಪಳಗಿದ ಕೈ. ಓಣಿಯ ಹೆಂಗಸರು ಮಸಾಲೆ ಹುರಿದುಕೊಂಡು ಬಂದು, "ನೋಡ್ರಿ, ಸಾಕಾಗ್ಯದೊ ಇನ್ನ ಜರಾ ಹುರೀಬೇಕೊ" ಎಂದು ಅವಳ ಮೂಗಿನ ಮುಂದೆ ಹಿಡಿಯುತ್ತಿದ್ದರು. ಅವಳು ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದು, "ಕೊತ್ತಂಬರಿ ಆಗ್ಯದ, ಎಳ್ಳು ಹಸೀ ಅದ" ಎನ್ನುತ್ತಿದ್ದಳು.

ಆ ವರ್ಷ ಮಳೆಗಾಲದ ಕೊನೆಗೆ ಅವಳಿಗೆ ಜ್ವರ ಬಂತು, ಜೊತೆಗೆ ಕೆಟ್ಟ ನೆಗಡಿ. ಜ್ವರ ಬಿಟ್ಟಿತು, ನೆಗಡಿಯೂ ಹೋಯಿತು. ವಾಸನೆ ಮಾತ್ರ ವಾಪಸು ಬರಲಿಲ್ಲ.

ಇದು ಮೊದಲು ಗೊತ್ತಾದದ್ದು ನನಗೆ ಎಂದು ಅಂದುಕೊಂಡಿದ್ದೇನೆ. ಶಾಲೆಯಿಂದ ಬಂದು ಊಟಕ್ಕೆ ಕುಳಿತರೆ ಬೇಳೆ ಹಳಸಿತ್ತು. "ಕಾಕಿ, ಬ್ಯಾಳಿ ನಾರಲತ್ತದ" ಎಂದೆ. ಅವಳು ಪಾತ್ರೆ ಎತ್ತಿ ಮೂಗಿಗೆ ಹಿಡಿದಳು. ಮತ್ತೆ ಹಿಡಿದಳು. ನಂತರ ಹಿಂಗಿನ ಡಬ್ಬಿ ತೆಗೆದು ಅದನ್ನು ಹಿಡಿದಳು. ಆಮೇಲೆ ಅವಳ ಮುಖ ಹೇಗಾಯಿತೆಂದರೆ, ಹಿಂಗಿನ ಡಬ್ಬಿಯನ್ನು ಅವಳ ಕೈಯಿಂದ ನಾನೇ ತೆಗೆದು ಕೆಳಗಿಟ್ಟೆ.

"ಯಾರಿಗೂ ಹೇಳಬ್ಯಾಡ" ಎಂದಳು. "ಎರಡು ದಿನಕ್ಕ ಬರ್ತದ."

ಬರಲಿಲ್ಲ. ಹಾಗಾಗಿ ಕೆಲಸ ನನಗೆ ಬಂತು. ಬೆಳಿಗ್ಗೆ ಹಾಲು, ಮಧ್ಯಾಹ್ನ ಬೇಳೆ, ಒಲೆಯ ಮೇಲಿನ ಎಣ್ಣೆ, ಡಬ್ಬಿಯ ತುಪ್ಪ, ಎಲ್ಲದಕ್ಕೂ ಕರೆ ಬರುತ್ತಿತ್ತು. "ನನ್ನ ಮೂಗು ಎಲ್ಲಿ ಹೋಯ್ತು? ಏ ಮೂಗು, ಜಲ್ದಿ ಬಾ." ನಾನು ಅಂಗಳದಲ್ಲಿ ಕುಂಟಾಟ ಬಿಟ್ಟು ಓಡಿ ಹೋಗಿ ಪಾತ್ರೆಗೆ ಮುಖ ಹಾಕುತ್ತಿದ್ದೆ. ಬಾಯಿ ಬಿಟ್ಟು ಹೇಳುವ ಅಗತ್ಯವೂ ಬರುಬರುತ್ತ ಉಳಿಯಲಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಮೂಗು ಮುರಿದರೆ ಹಾಲು ಒಡೆದಿದೆ. ಕಣ್ಣು ಅರಳಿದರೆ ಜೀರಿಗೆ ಸರಿಯಾಗಿ ಹುರಿದಿದೆ. ಕಣ್ಣಲ್ಲಿ ನೀರು ಬಂದರೆ ಖಾರ ಹೊತ್ತುತ್ತಿದೆ. ನನ್ನ ಮುಖ ನೋಡಿ ಅಡುಗೆ ಮಾಡುವುದನ್ನು ಅವಳು ಎಷ್ಟು ಬೇಗ ಕಲಿತಳೆಂದರೆ, ಕಾಕಾನಿಗೂ ಆಯಿಗೂ ತುಸು ಕಾಲ ಏನೂ ಗೊತ್ತಾಗಲಿಲ್ಲ.

ಕಾಕಾನಿಗೆ ಗೊತ್ತಾದಾಗ ಅವನು ಹೆದರಲಿಲ್ಲ. ತನ್ನ ಹೆಂಡತಿಗೂ ಒಂದು ಔಷಧ ಹುಡುಕುವ ಅವಕಾಶ ಸಿಕ್ಕಿತೆಂದು ಒಳಗೊಳಗೆ ಖುಷಿಯೂ ಪಟ್ಟನೇನೋ. ಅವನು ಅಂಥವನು. ದವಾಖಾನೆಯ ಗೋಡೆಗೆ ಕಟ್ಟಿಗೆಯ ಕಪಾಟು, ಅದರ ತುಂಬ ಬೆರಳುದ್ದದ ಸೀಸೆಗಳು, ಒಳಗೆಲ್ಲ ಸ್ಪಿರಿಟ್ಟಿನ ಸಿಹಿ ಘಾಟು. ಮುಂದಿನ ಸಾಲಿನಲ್ಲಿ ಎಲ್ಲ ಡಾಕ್ಟರರೂ ಬಳಸುವ ಔಷಧಗಳು. ಕಾಕಾನ ಪ್ರೀತಿ ಹಿಂದಿನ ಸಾಲಿನ ಮೇಲೆ. ಅಲ್ಲಿ ಖನಿಜಗಳಿಂದ ಮಾಡಿದ, ಯಾರೂ ಹೆಚ್ಚು ಕೇಳದ ಔಷಧಗಳಿದ್ದವು. ಸ್ಟ್ರಾನ್ಶಿಯಂ, ನಿಕೋಲಂ, ಕ್ಯಾಡ್ಮಿಯಂ, ಲ್ಯಾಪಿಸ್ ಆಲ್ಬಸ್. ನಾನು ಅವುಗಳ ಹೆಸರನ್ನು ಕುಂಟಾಟದ ಮನೆಗಳಿಗೆ ಇಟ್ಟಿದ್ದೆ. ಓಣಿಯ ಹುಡುಗಿಯರು ಕ್ಯಾಡ್ಮಿಯಮ್ಮಿನಲ್ಲಿ ಕಾಲು ಊರಿ ಔಟಾಗುತ್ತಿದ್ದರು.

"ಮುಂದಿನ ಸಾಲಿನ ದವಾ ಎಲ್ಲಾರಿಗೂ ಗೊತ್ತು" ಎನ್ನುತ್ತಿದ್ದ ಕಾಕಾ. "ಹಿಂದಿನವು ಹಾಂಗಲ್ಲ. ತಮ್ಮ ಮನಷಾ ಬರೋ ತನಕ ಸುಮ್ಮ ಕುಂತಿರ್ತಾವ."

ಅವುಗಳಲ್ಲಿ ಹೆಕ್ಲಾ ಲಾವಾ ಎಂಬುದೊಂದಿತ್ತು. ಅದು ದೂರದ ದೇಶದ ಬೆಂಕಿಪರ್ವತದ ಬೂದಿಯಿಂದ ಮಾಡಿದ್ದು, ದವಡೆಯ ಎಲುಬಿನ ಊತಕ್ಕೆ ಕೊಡುವುದು ಎಂದು ಕಾಕಾ ಒಮ್ಮೆ ವಿವರಿಸುತ್ತಿದ್ದಾಗ ಆಯಿ ಕೇಳಿಸಿಕೊಂಡಳು.

"ಬೂದಿ ಅಂದ್ರ ವಿಭೂತಿ ಆಯ್ತಲ್ಲೊ. ಹಣಿಗಿ ಹಚ್ಚು. ನುಂಗೂದು ಯಾಕ?"

ರೋಗಿಗಳನ್ನು ಅವನು ಕೇಳುತ್ತಿದ್ದ ಪ್ರಶ್ನೆಗಳು ಇನ್ನೂ ವಿಚಿತ್ರ. ಸಂತಪುರದಿಂದ ಮೊಣಕಾಲು ನೋವೆಂದು ಬಂದ ಒಬ್ಬ ಮುದುಕನನ್ನು ನಾನೇ ನೋಡಿದ್ದೇನೆ. ಕಾಕಾ ಅವನ ಮೊಣಕಾಲು ಮುಟ್ಟಿ ನೋಡಿ, ನಂತರ ಕೇಳಿದ. "ಕನಸು ಏನು ಬೀಳ್ತಾವ್ರಿ?"

"ಡಾಕ್ಟರ್ ಸಾಬ್, ಮೊಣಕಾಲು ಕನಸು ಕಾಣಲ್ರಿ."

"ಮೊಣಕಾಲು ಕಾಣಲ್ಲ, ನೀವು ಕಾಣ್ತೀರಲ್ಲ."

ಮುದುಕ, ಸತ್ತುಹೋದ ತನ್ನ ಎತ್ತು ದಿನವೂ ಕನಸಿನಲ್ಲಿ ಬಂದು ಬಾಗಿಲಲ್ಲಿ ನಿಲ್ಲುತ್ತದೆ ಎಂದ. ಹೇಳುತ್ತ ಹೇಳುತ್ತ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡ. ಇಂಥದ್ದನ್ನು ಯಾರೂ ಅವನನ್ನು ಕೇಳಿರಲಿಲ್ಲ ಎಂಬುದು ಆ ವಯಸ್ಸಿನ ನನಗೂ ತಿಳಿಯಿತು.

ಕಾಕಿಗೆ ಮಾತ್ರ ಅವನು ಹಾಗೆ ಕೇಳಲಿಲ್ಲ. ಮನೆಯವಳಲ್ಲವೇ, ಕೇಳುವುದೇನಿದೆ ಎಂದುಕೊಂಡಿರಬೇಕು. ಮೂಗಿಗೆ ಎಲ್ಲರೂ ಕೊಡುವ ಮುಂದಿನ ಸಾಲಿನ ಔಷಧಗಳನ್ನೇ ಒಂದಾದ ಮೇಲೊಂದು ಕೊಟ್ಟ. ದೀಪಾವಳಿ ಬಂದು ಹೋಯಿತು. ಕರಿದ ಕರ್ಚಿಕಾಯಿಯ ವಾಸನೆ ಓಣಿಯನ್ನೆಲ್ಲ ತುಂಬಿತ್ತು, ಕಾಕಿ ನನ್ನ ಮುಖ ನೋಡಿ ಅವುಗಳನ್ನು ಎಣ್ಣೆಯಿಂದ ತೆಗೆಯುತ್ತಿದ್ದಳು.

ಅಪ್ಪ ಶನಿವಾರ ಬೀದರ್‌ನಿಂದ ಬರುತ್ತಿದ್ದ. ಬ್ಯಾಂಕಿನ ನೌಕರಿಯವನು, ಹಿರಿಯ ಮಗ, ಜೋರು ದನಿ. ಸಂಗತಿ ಗೊತ್ತಾದ ಶನಿವಾರ ಚಹಾ ಕುಡಿಯುತ್ತಲೇ ಶುರು ಮಾಡಿದ.

"ನಿನ್ನ ಮನಿ ಮೂಗು ನಿನಗ ಸುಧಾರಿಸ್ಲಿಕ್ಕ ಆಗಲ್ಲ, ಔರಾದ ಮಂದಿ ಮೊಣಕಾಲು ಸುಧಾರಿಸ್ತೀದಿ?"

"ಅಣ್ಣಾ, ಜರಾ ಟೈಮ್ ಹಿಡೀತದ."

"ಊರಾಗ ಮಂದಿ ಏನಂತಾರ ಗೊತ್ತದೇನು? ಡಾಕ್ಟರ್ ಹೆಂಡ್ತಿಗೇ ಆರಾಮಿಲ್ಲ ಅಂತಾರ. ಎಳ್ಳಾಮಾಸಿ ತನಕ ನೋಡ್ತೇನಿ. ಅಷ್ಟರಾಗ ಬರಲಿಲ್ಲಂದ್ರ ಆಕಿಗಿ ಹೈದ್ರಾಬಾದಿಗಿ ಕರ್ಕೊಂಡು ಹೋಗ್ತೇನಿ. ನೀ ಈ ಸಕ್ಕರಿ ಗುಳಿಗಿ ಅಂಗಡಿ ಮುಚ್ಚಿ ಮಾಸ್ತರ್ಕಿಗಿ ಅರ್ಜಿ ಹಾಕು."

ಕಾಕಾನ ದನಿಯೂ ಏರಿತು. ಅಪ್ಪನದು ಅದಕ್ಕಿಂತ ಏರಿತು. ಅಷ್ಟರಲ್ಲಿ ಕಾಕಿ ಅಡುಗೆಮನೆಯ ಬಾಗಿಲಿಗೆ ಬಂದು, ಯಾರನ್ನೂ ನೋಡದೆ, "ಇವತ್ತು ಒಗ್ಗರಣಿ ವಾಸನಿ ಜರಾ ಬಂದಂಗ ಆಯ್ತ್ರಿ" ಎಂದಳು. ಇಬ್ಬರೂ ತಣ್ಣಗಾದರು. ಅಪ್ಪ ಉಳಿದ ಚಹಾ ಕುಡಿದ.

ಮರುದಿನ ಬೆಳಿಗ್ಗೆ ಅವಳು ಹಾಲಿನ ಪಾತ್ರೆ ಹಿಡಿದು ನನ್ನನ್ನು ಕರೆದಳು.

ಅಪ್ಪ ಬಸ್ಸು ಹತ್ತಿದ ಮೇಲೆ ಕಾಕಾ ಕೇಳಿದ. "ಖರೇನಾ ಬಂದಿತ್ತೇನು?" ಅವಳು ಇಲ್ಲವೆಂದು ತಲೆ ಆಡಿಸಿದಳು. ಕಾಕಾ ಅವತ್ತು ಊಟ ಮಾಡಲಿಲ್ಲ. ಸಂಜೆ ಬಂದು, "ನಾಳಿ ದವಾಖಾನಿಗಿ ಬಾ. ಬ್ಯಾರೆ ಪೇಶಂಟ್ ಬರ್ತಾರಲ್ಲ, ಹಾಂಗೇ ಬಾ" ಎಂದ.

ಕಾಕಿ ಮಗ್ಗದ ಸೀರೆ ಉಟ್ಟು, ನನ್ನ ಕೈ ಹಿಡಿದುಕೊಂಡು ಹೋದಳು. ಬೆಂಚಿನ ಮೇಲೆ ಸರದಿಗೆ ಕುಳಿತಳು. ನಮ್ಮ ಪಕ್ಕದಲ್ಲಿದ್ದ ಹೆಂಗಸು, "ನೀವ್ಯಾಕ್ರಿ ಪಾಳಿ ಹಚ್ಚೀರಿ, ಮನ್ಯಾಗೇ ಡಾಕ್ಟರ್ ಇಟ್ಕೊಂಡು" ಎಂದಾಗ ಕಾಕಿ ಸೆರಗು ಬಾಯಿಗೆ ಒತ್ತಿ ನಕ್ಕಳು. ಸರದಿ ಬಂತು. ಕಾಕಾ ಪೆನ್ನಿನ ಮುಚ್ಚಳ ತೆಗೆದ.

"ಬರ್ರಿ, ಕೂಡ್ರಿ. ಹೆಸರೇನ್ರಿ?"

"ನನಗ ಬರ್ರಿ ಹೋಗ್ರಿ ಅಂತೀರಿ? ಯಾರರೆ ಕೇಳ್ಯಾರು."

"ಇಲ್ಲಿ ಬಂದೋರಿಗೆಲ್ಲ ನಾ ಹಾಂಗೇ ಅಂತೇನಿ. ಹೆಸರು ಹೇಳ್ರಿ."

"ಯಾವುದು ಹೇಳ್ಲ್ರಿ? ನಮ್ಮವ್ವ ಇಟ್ಟಿದ್ದೊ, ಮದುವ್ಯಾಗ ನೀವು ಇಟ್ಟಿದ್ದೊ?"

ಕಾಕಾನ ಪೆನ್ನು ನಿಂತಿತು. ಆಮೇಲೆ ಎರಡನ್ನೂ ಬರೆದುಕೊಂಡ. ನಿದ್ದೆ ಹೇಗೆ ಎಂದು ಕೇಳಿದ. ಮಲಗುವಾಗಿನದಕ್ಕಿಂತ ಏಳುವಾಗಲೇ ಹೆಚ್ಚು ದಣಿವು ಎಂದಳು. ಹಾಲು? ಹಾಲು ಕುಡಿದರೆ ಹೊಟ್ಟೆ ಹಿಡಿಯುತ್ತದೆ. "ಮತ್ತ ದಿನಾ ಕುಡೀತೀರಲ್ಲ?" "ಅತ್ತಿ ಕೊಡ್ತಾರ. ಬ್ಯಾಡ ಅಂದ್ರ ಅವರಿಗಿ ಬ್ಯಾಸರ." ತನ್ನ ಜೊತೆ ಅಷ್ಟು ವರ್ಷ ಒಂದೇ ಮನೆಯಲ್ಲಿ ಉಂಡವಳಿಗೆ ಹಾಲು ಆಗುವುದಿಲ್ಲ ಎಂಬುದು ಕಾಕಾನಿಗೆ ಆಗಲೇ ಗೊತ್ತಾಯಿತು.

"ಮನ್ಯಾಗ ಯಾರರೆ ಜೋರಾಗಿ ಮಾತಾಡಿದ್ರ ನಿಮಗ ಏನಾಗ್ತದ್ರಿ?"

ಕಾಕಿಯ ನಗು ಹೋಯಿತು. "ಎದಿ ಹೊಡ್ಕೊಳ್ತದ. ತುತ್ತು ಇಳಿಯಲ್ಲ."

"ಆಗ ಏನ್ ಮಾಡ್ತೀರಿ?"

"ಏನ್ ಮಾಡೂದದ? ಅವರಿಗಿ ಏನು ಬೇಕಾಗ್ಯದಂತ ಮಾರಿ ನೋಡಿ, ಅದೇ ಹೇಳ್ತೇನಿ. ಜಗಳ ನಿಂದರ್ತದ."

"ಹೇಳಿದ್ದು ಖರೇ ಇರ್ತದೊ, ಸುಳ್ಳೊ?"

"ನಿಂತ ಮ್ಯಾಲ ಖರೇ ಏನ್ರಿ, ಸುಳ್ಳು ಏನ್ರಿ."

ಕಾಕಾ ಪೆನ್ನು ಕೆಳಗಿಟ್ಟು ಅವಳನ್ನೇ ನೋಡಿದ. ಆಮೇಲೆ ಎದ್ದು ಕಪಾಟಿನ ಹಿಂದಿನ ಸಾಲಿನಲ್ಲಿ ಬೆರಳಾಡಿಸಿದ. ತನಗೆ ಬೇಕಾದದ್ದು ಅಲ್ಲಿರಲಿಲ್ಲ. ಆದರೆ ಅದರ ಹೆಸರು ಅವನಿಗೆ ಸಿಕ್ಕಿಬಿಟ್ಟಿತ್ತು. ಮ್ಯಾಗ್ನೇಶಿಯಾ ಮ್ಯೂರಿಯಾಟಿಕಾ.

ಮನೆಗೆ ಬರುವ ದಾರಿಯಲ್ಲಿ ಅದೇನೆಂದು ನನಗೆ ಹೇಳಿದ. ಸಮುದ್ರದ ನೀರನ್ನು ಒಣಗಿಸಿ ಉಪ್ಪು ತೆಗೆದುಕೊಂಡ ಮೇಲೆ ಕೊನೆಗೆ ಒಂದು ಕಹಿ ನೀರು ಉಳಿಯುತ್ತದಂತೆ. ಉಪ್ಪನ್ನು ಎಲ್ಲರೂ ಒಯ್ಯುತ್ತಾರೆ, ಆ ಕಹಿಯನ್ನು ಯಾರೂ ಕೇಳುವುದಿಲ್ಲ. ಅದರಲ್ಲಿರುವ ಲವಣದಿಂದ ಈ ಔಷಧ. ನೆಗಡಿಯ ನಂತರ ವಾಸನೆ ಹೋದವರಿಗೆ, ಹಾಲು ಆಗದವರಿಗೆ, ಎದ್ದಾಗ ದಣಿದಿರುವವರಿಗೆ, ಮನೆಯಲ್ಲಿ ಶಾಂತಿ ಇರಲೆಂದು ತಮ್ಮದನ್ನೆಲ್ಲ ನುಂಗಿಕೊಳ್ಳುವವರಿಗೆ. "ಇಷ್ಟು ದಿನ ನಾ ಆಕೀ ಮೂಗಿಗಿ ದವಾ ಕೊಡಲತ್ತಿದ್ದೆ" ಎಂದ. "ಆಕಿಗಿ ಕೊಡ್ಲಿಲ್ಲ." ಬಿಸಿಲಿನಲ್ಲಿ ನಡೆಯುತ್ತಿದ್ದ ಅವನ ಮುಖ ನನಗೆ ಚೆನ್ನಾಗಿ ನೆನಪಿದೆ. ಅಥವಾ ಆಮೇಲೆ ನಾನು ಕಟ್ಟಿಕೊಂಡ ಮುಖವೋ ಅದು.

ಔಷಧ ಹೈದರಾಬಾದಿನಿಂದ ಬರಬೇಕಾಗಿತ್ತು. ಕಾಕಾನಿಗೆ ಪರಿಚಯದ ಲಾರಿ ಡ್ರೈವರ್ ಒಬ್ಬ ಬೀದರ್‌ನ ಗಾಂಧಿ ಗಂಜ್ ಮಾರುಕಟ್ಟೆಯಿಂದ ತೊಗರಿ ಹೇರಿಕೊಂಡು ಅಲ್ಲಿಗೆ ಹೋಗುತ್ತಿದ್ದ. ಅವನು ತಂದ ಸಣ್ಣ ಸೀಸೆಯನ್ನು ಗಂಜಿನ ಅಡತಿ ಅಂಗಡಿಯಿಂದ ತೆಗೆದುಕೊಂಡು ಭಾಲ್ಕಿಗೆ ತಂದವನು ಬೇರೆ ಯಾರೂ ಅಲ್ಲ, ಅಪ್ಪ. ಕರವಸ್ತ್ರದಲ್ಲಿ ಸುತ್ತಿ, ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ಬಂದಿದ್ದ. ಕೊಡುವಾಗ ಸುಮ್ಮನೆ ಕೊಡಲಿಲ್ಲ.

"ಸಮುದ್ರದ ಕಹಿ ಹೈದ್ರಾಬಾದಿಂದ ತರಿಸೀದಿ. ಹೈದ್ರಾಬಾದ್‌ನಾಗ ಸಮುದ್ರ ಯಾವಾಗ ಬಂತು?"

"ನೀ ಅಲುಗಾಡಿಸಿಲ್ಲಲ್ಲ ಅಣ್ಣಾ?"

"ಕೂಸಿನಂಗ ತಂದೀನಿ ಹಿಡಿ."

ಇನ್ನು ಪಥ್ಯ. ಔಷಧ ನಡೆಯುವಷ್ಟು ದಿನ ಮನೆಯಲ್ಲಿ ಕರ್ಪೂರ ಹಚ್ಚಬಾರದು, ಹಸಿ ಈರುಳ್ಳಿ ತಿನ್ನಬಾರದು, ನೋವಿನ ಮುಲಾಮು ತೆರೆಯಬಾರದು. ಘಾಟು ವಾಸನೆಗಳು ಔಷಧದ ಶಕ್ತಿ ಕೆಡಿಸುತ್ತವೆ ಎಂಬುದು ಹೋಮಿಯೋಪತಿಯವರ ಶಾಸ್ತ್ರ. ಆಯಿಗೆ ಸಿಟ್ಟು ಬಂತು.

"ವಾಸನಿ ಬರ್ಲಿ ಅಂತ ವಾಸನಿ ಎಲ್ಲಾ ಬಿಡು ಅಂತೀಯಲ್ಲೊ. ಶಿವನಿಗಿ ಏನ್ ಹೇಳ್ಲಿ?"

"ತುಪ್ಪದ ದೀಪ ಹಚ್ಚವ್ವ. ಶಿವ ಬ್ಯಾಡ ಅನ್ನಲ್ಲ."

"ರೊಟ್ಟಿ ಜೋಡಿ ಉಳ್ಳಾಗಡ್ಡಿ ಇಲ್ದೆ ನೀ ಉಣ್ಣು, ನಾ ನೋಡ್ತೇನಿ."

ಹಾಗಂದರೂ ಆಯಿ ಕರ್ಪೂರದ ಡಬ್ಬಿಯನ್ನು ಬಟ್ಟೆಯಲ್ಲಿ ಕಟ್ಟಿ ಪಕ್ಕದ ಮನೆಯಲ್ಲಿ ಇಟ್ಟು ಬಂದಳು. ಮಂಡಿ ನೋವಿನ ಮುಲಾಮನ್ನೂ ಕೊಟ್ಟು ಬಂದಳು. ಆ ಚಳಿಯಲ್ಲಿ ಮುಲಾಮಿಲ್ಲದೆ ಗೋಡೆ ಹಿಡಿದು ಏಳುತ್ತಿದ್ದಳು. ಸೊಸೆಗೆ ಒಂದು ಮಾತನ್ನೂ ಹೇಳಲಿಲ್ಲ. ಹಾಲು ಕೊಡುವುದನ್ನೂ ನಿಲ್ಲಿಸಿದಳು. ಯಾರು ಹೇಳಿದರೋ ಗೊತ್ತಿಲ್ಲ.

ಕಾಕಾ ದಿನವೂ ಬೆಳಿಗ್ಗೆ ಕಾಕಿಯ ಮುಂದೆ ಕುಳಿತು ಕೇಳುತ್ತಿದ್ದ. ನಿದ್ದೆ ಬಂತೇ, ಕನಸು ಬಿತ್ತೇ, ಎದ್ದಾಗ ಮೈ ಹೇಗಿತ್ತು. ಮೂಗಿನ ಬಗ್ಗೆ ಎಲ್ಲಕ್ಕಿಂತ ಕೊನೆಗೆ ಕೇಳುತ್ತಿದ್ದ. ಕಾಕಿ ಮೊದಮೊದಲು ನಾಚುತ್ತಿದ್ದಳು. ಬರುಬರುತ್ತ ತವರಿನ ಮಾತು ಹೇಳತೊಡಗಿದಳು, ಸಂತಪುರದ ಬಾವಿ, ಸತ್ತ ತಂಗಿ. ಅವಳು ಅಷ್ಟು ಮಾತಾಡುವವಳೆಂದು ನಮಗಾರಿಗೂ ತಿಳಿದಿರಲಿಲ್ಲ. ರೊಟ್ಟಿ ತಟ್ಟುವಾಗ ಗುನುಗುತ್ತಿದ್ದಳು. ಮುಖ ತುಂಬಿಕೊಂಡಿತು. ವಾಸನೆ ಮಾತ್ರ ಬರಲಿಲ್ಲ, ಎಳ್ಳ ಅಮಾವಾಸ್ಯೆ ಬಂತು.

ಅದು ಸಂಕ್ರಾಂತಿ ಎಂದು ಅಪ್ಪ ಹೇಳುತ್ತಾನೆ. ಆದರೆ ಭಜ್ಜಿ ಇತ್ತು, ಹೊಲದಲ್ಲಿ ಉಂಡೆವು, ಹಾಗಾಗಿ ಎಳ್ಳ ಅಮಾವಾಸ್ಯೆಯೇ ಇರಬೇಕು. ನಮ್ಮ ಕಡೆಯವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಸಿಕ್ಕ ಸೊಪ್ಪು, ಸಿಕ್ಕ ಕಾಳು, ಹಸಿ ತೊಗರಿ, ಕಡಲೆ, ಅವರೆ ಎಲ್ಲ ಸೇರಿಸಿ ಕುದಿಸಿದ ಭಜ್ಜಿ, ಸಜ್ಜೆಯ ರೊಟ್ಟಿ, ಬೆಳ್ಳುಳ್ಳಿ ಹಾಕಿದ ಹುಳಿ ಅಂಬಲಿ, ಗೋಧಿ ಹುಗ್ಗಿ. ಸಾಯಗಾಂವದ ಕಡೆ ನಮ್ಮ ಹೊಲ. ಬಂಡಿಯಲ್ಲಿ ಹೋದೆವು. ಬೀದರ್‌ನಿಂದ ಅಪ್ಪನೂ ಬಂದಿದ್ದ. ಬಂದವನೇ ಕಾಕಾನ ಕಡೆ ನೋಡಿದ, ಕಾಕಾ ಕಣ್ಣು ತಪ್ಪಿಸಿದ. ಊಟ ಮುಗಿದ ಮೇಲೆ ಮಾತು ತೆಗೆಯುತ್ತಾನೆಂದು ಎಲ್ಲರಿಗೂ ಗೊತ್ತಿತ್ತು. ಹೈದರಾಬಾದಿನ ಆಸ್ಪತ್ರೆಯ ಹೆಸರನ್ನು ಅವನು ಯಾರಿಂದಲೋ ಕೇಳಿಕೊಂಡು ಬಂದಿದ್ದ.

ಕಡಲೆ ಗಿಡದ ಹುಳಿ ವಾಸನೆ, ಒದ್ದೆ ಕಪ್ಪು ಮಣ್ಣು, ಹೊಗೆ. ಅಪ್ಪ ಕಾಕಾ ಇಬ್ಬರೂ ಹೊಲದ ಸುತ್ತ ಅನ್ನ ಭಜ್ಜಿ ಎರಚಿ ಚರಗ ಚೆಲ್ಲಿ ಬಂದರು. ಬನ್ನಿ ಮರದ ಕೆಳಗೆ ಕಂಬಳಿ ಹಾಸಿ ಕುಳಿತೆವು. ಭಜ್ಜಿ ಕಾಕಿ ಮಾಡಿದ್ದಳು, ನನ್ನ ಮುಖ ನೋಡಿ. ಹುಗ್ಗಿಯನ್ನು ಮಾತ್ರ ಆಯಿ ತಾನೇ ಮಾಡಿ, ಮುಚ್ಚಿ, ಬಟ್ಟೆ ಕಟ್ಟಿ ಬಂಡಿಗೆ ಇಟ್ಟಿದ್ದಳು. ಅದನ್ನು ಯಾರೂ ನೋಡಿರಲಿಲ್ಲ. ಆಸೆ ತಡೆಯಲಾರದೆ ಬಟ್ಟೆ ಬಿಚ್ಚಿ ಮುಚ್ಚಳ ಎತ್ತಿದವಳು ನಾನು. ಕಾಕಿ ನನ್ನ ಪಕ್ಕದಲ್ಲಿ ರೊಟ್ಟಿ ಹಂಚುತ್ತಿದ್ದಳು.

"ಅತ್ತೀ" ಎಂದಳು ಕಾಕಿ. "ಹುಗ್ಗಿ ತಳಾ ಹತ್ಯಾದಲ್ರಿ."

ಆಯಿ ತಿರುಗಿದಳು. "ಯಾರು ಹೇಳಿದ್ರು ನಿನಗ?"

"ಯಾರೂ ಹೇಳಿಲ್ರಿ. ವಾಸನಿ ಬರಲತ್ತದ."

ಕಾಕಾನ ಕೈಯಲ್ಲಿ ಮುರಿದ ರೊಟ್ಟಿ ಹಾಗೇ ನಿಂತಿತು. ಅಪ್ಪ ಬಾಗಿ ಪಾತ್ರೆಗೆ ಮೂಗು ಹಿಡಿದ. ಮೇಲೆ ತುಪ್ಪ, ಏಲಕ್ಕಿ, ಕೊಬ್ಬರಿ. ನೋಡಿದರೆ ಏನೂ ತಿಳಿಯುವಂತಿರಲಿಲ್ಲ. "ಹತ್ಯಾದ ಖರೇ" ಎಂದ. ಆಯಿ ಮೊದಲು ಸಿಟ್ಟು ಮಾಡಿದಳು. ಮಂಡಿ ನೋವಿನಿಂದ ಒಲೆಯ ಹತ್ತಿರ ಜಲ್ದಿ ಏಳಲಾಗಲಿಲ್ಲ, ತಳ ಹಿಡಿಯಿತು, ಮೇಲಿನದನ್ನು ಬೇರೆ ಪಾತ್ರೆಗೆ ಹಾಕಿಕೊಂಡು ಬಂದೆ, ಅದಕ್ಕೇನೀಗ ಎಂದು ಕೇಳಿದಳು. ಆಮೇಲೆ ಸೊಸೆಗೆ ವಾಸನೆ ಬಂದಿದೆ ಎಂಬುದು ಹೊಳೆದು, ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು.

ಕಾಕಾ ಎದ್ದು ಕಡಲೆ ಹೊಲದೊಳಗೆ ಹೋದ. ಸೊಪ್ಪು ಕೀಳುವವನಂತೆ ನಮಗೆ ಬೆನ್ನು ಮಾಡಿ ನಿಂತ. ಬಹಳ ಹೊತ್ತು ಏನನ್ನೂ ಕೀಳಲಿಲ್ಲ. ವಾಪಸು ಬಂದು ಕೇಳಿದ. "ಮತ್ತೇನು ವಾಸನಿ ಬರಲತ್ತದ?"

"ನಿಮ್ಮ ಅಂಗೀದು. ಸ್ಪಿರಿಟ್ಟಿಂದು."

ಎಲ್ಲರೂ ನಕ್ಕೆವು. ಅಪ್ಪ ಹೈದರಾಬಾದಿನ ಮಾತು ತೆಗೆಯಲಿಲ್ಲ. ತಳ ಹತ್ತಿದ ಹುಗ್ಗಿಯನ್ನು ಎರಡು ಸಲ ಹಾಕಿಸಿಕೊಂಡು ಉಂಡ. ದವಾಖಾನೆ ಉಳಿಯಿತು. ಬಂಡಿಯಲ್ಲಿ ಬರುವಾಗ ಕಾಕಾನ ಭುಜಕ್ಕೆ ಕಾಕಿಯ ಭುಜ ತಾಗಿತ್ತು, ಎಲ್ಲರ ಮುಂದೆ. ಹಾಗೆ ಕುಳಿತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಮಾರನೆಯ ದಿನ ಆಯಿ ಪಕ್ಕದ ಮನೆಯಿಂದ ಮುಲಾಮು ತಂದುಕೊಂಡಳು.

ನಾನು ಮುಂದೆ ವಿಜ್ಞಾನ ಓದಿದೆ. ಅಷ್ಟು ತೆಳುವಾಗಿಸಿದ ಔಷಧದಲ್ಲಿ ಮೂಲ ವಸ್ತುವಿನ ಒಂದು ಕಣವೂ ಉಳಿಯುವುದು ಕಷ್ಟವೆಂದು ನನಗೆ ಗೊತ್ತು. ಜ್ವರದಲ್ಲಿ ಹೋದ ವಾಸನೆ ಕೆಲವರಿಗೆ ತಿಂಗಳುಗಟ್ಟಲೆ ಕಳೆದ ಮೇಲೆ ತಾನಾಗಿ ಬರುತ್ತದೆ ಎಂಬುದೂ ಗೊತ್ತು. ನನ್ನ ಮಕ್ಕಳಿಗೆ ಜ್ವರ ಬಂದರೆ ಆಸ್ಪತ್ರೆಗೇ ಓಡುತ್ತೇನೆ. ಆದರೂ ಕಾಕಾನ ಬಗ್ಗೆ ಯೋಚಿಸಿದಾಗ ನನಗೆ ಬರುವುದು ಬೆರಗೇ. ಹಿಂದಿನ ಸಾಲಿನ ಒಂದು ಸೀಸೆಗೆ ಸರಿಹೊಂದುವ ಮನುಷ್ಯರನ್ನು ಹುಡುಕಲು ಅವನು ಎಷ್ಟು ಕೇಳಬೇಕಾಗಿತ್ತು, ಎಷ್ಟು ಸುಮ್ಮನಿರಬೇಕಾಗಿತ್ತು. ಆ ಹುಡುಕಾಟದಲ್ಲಿ ತನ್ನ ಹೆಂಡತಿಯ ಮೊದಲ ಹೆಸರಿನವರೆಗೆ ಹೋಗಿ ಬಂದ.

ಈಗ ಆ ದವಾಖಾನೆ ಇದ್ದ ಜಾಗದಲ್ಲಿ ಮೊಬೈಲ್ ಕವರು ಮಾರುತ್ತಾರೆ. ನಾನು ಹೋಗುವ ಆಸ್ಪತ್ರೆಯಲ್ಲಿ ಒಳ್ಳೆಯ ಡಾಕ್ಟರರಿದ್ದಾರೆ, ಟೋಕನ್ನಿನ ನಂಬರು ಕೂಗುತ್ತಾರೆ, ಪರದೆ ನೋಡುತ್ತ ಮಾತಾಡುತ್ತಾರೆ. ಕನಸು ಏನು ಬೀಳುತ್ತದೆ ಎಂದು ಕೇಳಿದರೆ ನಾನೇ ಹಿಂದಿನವರ ಸರದಿ ತಪ್ಪುತ್ತದೆಂದು ಗಡಿಬಿಡಿಗೊಳ್ಳುತ್ತೇನೇನೋ. ನನ್ನ ಮನೆಯಲ್ಲಿಯೂ ಯಾರಿಗೆ ಹಾಲು ಆಗುವುದಿಲ್ಲ ಎಂಬುದನ್ನು ನಾನು ಕೇಳಿಲ್ಲ. ಬೀದರ್‌ನಲ್ಲಿ ಈಗ ಎಳ್ಳಾಮಾಸಿಗೆ ಭಜ್ಜಿಯನ್ನು ಡಬ್ಬಿಯಲ್ಲಿ ಮನೆಗೆ ತರಿಸಿಕೊಳ್ಳಬಹುದು. ಮುಚ್ಚಳ ಬಿಗಿಯಾಗಿರುತ್ತದೆ, ಓಣಿಗೆ ಏನೂ ಗೊತ್ತಾಗುವುದಿಲ್ಲ.

ಕಾಕಾ ಹೋಗಿ ಕೆಲವು ವರ್ಷಗಳಾದವು. ಇರುವವರೆಗೂ ಆ ಹುಗ್ಗಿಯ ಕಥೆಯನ್ನು ರೋಗಿಗಳಿಗೆ ಹೇಳುತ್ತಿದ್ದ. ನನಗೆ ಮಾತ್ರ, ದೊಡ್ಡವಳಾದ ಮೇಲೆ, ಆ ಕಥೆಯೊಳಗೆ ಒಂದು ಗಂಟು ಕಾಣತೊಡಗಿತು. ಎದುರಿಗಿರುವವರಿಗೆ ಏನು ಬೇಕೆಂದು ಮುಖ ನೋಡಿ ಅದನ್ನೇ ಹೇಳುವವಳು ಎಂದು ತಿಳಿದೇ ಕಾಕಾ ಅವಳಿಗೆ ಆ ಔಷಧ ಆರಿಸಿದ್ದ. ಅವನ ಆಯ್ಕೆ ಸರಿಯಾಗಿದ್ದರೆ, ವಾಸನೆ ಬಂತು ಎಂಬ ಅವಳ ಮಾತನ್ನು ನಂಬುವುದು ಹೇಗೆ? ಅವತ್ತು ಮುಚ್ಚಳ ಎತ್ತಿದವಳು ನಾನು. ಸೀದ ವಾಸನೆ ಮೊದಲು ಬಡಿದದ್ದು ನನಗೆ. ನಾನು ಮೂಗು ಮುರಿದೆನೇ? ಮುರಿದದ್ದು ಅವಳು ಮಾತಾಡುವ ಮೊದಲೋ, ಆಮೇಲೋ? ಎಷ್ಟು ಸಲ ಆ ಬನ್ನಿ ಮರದ ಕೆಳಗೆ ಹೋಗಿ ಕುಳಿತರೂ ನನಗೆ ನನ್ನ ಮುಖ ಕಾಣುವುದಿಲ್ಲ. ಎಲ್ಲರನ್ನೂ ಎಲ್ಲವನ್ನೂ ಕೇಳುತ್ತಿದ್ದ ಕಾಕಾ, ಒಗ್ಗರಣೆಯ ದಿನ "ಖರೇನಾ" ಎಂದು ಕೇಳಿದ್ದ ಕಾಕಾ, ಹೊಲದಿಂದ ಬಂದ ಮೇಲೆ ಅದನ್ನು ಮತ್ತೆ ಕೇಳಲಿಲ್ಲ.

ನಂತರದ ವರ್ಷಗಳೂ ಸಹಾಯ ಮಾಡುವುದಿಲ್ಲ. ಬೀದರ್‌ನ ಬಜಾರಿನಲ್ಲಿ ಮಲ್ಲಿಗೆಯ ಬುಟ್ಟಿಯ ಮುಂದೆ ಅವಳು ಕಣ್ಣು ಮುಚ್ಚಿ ನಿಂತದ್ದನ್ನು ನೋಡಿದ್ದೇನೆ. ರಜೆಗೆ ಹೋದಾಗೆಲ್ಲ ಹಾಲಿನ ಪಾತ್ರೆ ಹಿಡಿದು, "ಏ ಮೂಗು, ನೋಡಿಲ್ಲಿ" ಎಂದು ಕರೆದದ್ದೂ ನೆನಪಿದೆ. ರೂಢಿಯಿಂದ ಕರೆದಳೋ, ಪ್ರೀತಿಯಿಂದಲೋ, ಬೇಕಾಗಿಯೋ.

ಕಾಕಿ ಈಗ ಬೀದರ್‌ನಲ್ಲಿ, ಆ ಚಳಿಗಾಲದ ನಂತರ ಹುಟ್ಟಿದ ಮಗಳ ಮನೆಯಲ್ಲಿದ್ದಾಳೆ. ಅಡುಗೆಮನೆ ಈಗಲೂ ಅವಳ ಕೈಯಲ್ಲೇ. ಹೋದ ತಿಂಗಳು ಹೋಗಿದ್ದೆ. ಅವಳು ಚಹಾಕ್ಕೆ ಶುಂಠಿ ಜಜ್ಜುತ್ತಿದ್ದಳು, ನಾನು ಕಟ್ಟೆಗೆ ಒರಗಿ ನಿಂತಿದ್ದೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ, ಜಗಳ ಆಡುವವರೂ ಇಲ್ಲ, ಮುಚ್ಚಬೇಕಾದ ದವಾಖಾನೆಯೂ ಇಲ್ಲ. ಈಗ ಕೇಳಿದರೆ ಯಾರಿಗೂ ನಷ್ಟವಿಲ್ಲ ಎಂದುಕೊಂಡು ಕೇಳಿದೆ. ಕಾಕಿ ಜಜ್ಜುವುದನ್ನು ನಿಲ್ಲಿಸಿದಳು. ತಲೆ ಎತ್ತಿ, ಆ ಚಳಿಗಾಲದಲ್ಲಿ ನೋಡುತ್ತಿದ್ದಂತೆಯೇ, ನನ್ನ ಮುಖವನ್ನು ನೋಡತೊಡಗಿದಳು. ನನಗೆ ಯಾವ ಉತ್ತರ ಬೇಕೆಂದು ಹುಡುಕುತ್ತಿದ್ದಾಳೆಂದು ತಿಳಿಯಿತು. ಅವಳಿಗೆ ಏನೂ ಸಿಗದಂತೆ ಮುಖವನ್ನು ಹಿಡಿದುಕೊಂಡು ನಿಂತೆ. ನನಗೇನು ಬೇಕೆಂದು ನನಗೂ ಗೊತ್ತಿರಲಿಲ್ಲ. ಚಹಾ ಉಕ್ಕಿತು, ಅವಳು ಒಲೆಯ ಕಡೆ ತಿರುಗಿದಳು. ಆಮೇಲೆ ಎರಡು ಸಲ ಫೋನಿನಲ್ಲಿ ಮಾತಾಡಿದ್ದೇವೆ. ಫೋನಿನಲ್ಲಿ ಮುಖ ಕಾಣುವುದಿಲ್ಲವಲ್ಲ, ಈಗಲಾದರೂ ಹೇಳುತ್ತಾಳೇನೋ ಎಂದು ಎರಡು ಸಲವೂ ಕಾದೆ. ಆ ಅಡುಗೆಮನೆಯಲ್ಲಿ ನಾನು ಕೇಳಿದ್ದು ಇಷ್ಟೇ:

"ಕಾಕಿ, ಅವತ್ತು ಹುಗ್ಗಿ ತಳಾ ಹತ್ತಿದ್ದು ನಿನಗ ವಾಸನಿಲಿಂದ ಗೊತ್ತಾಯ್ತೊ, ನನ್ನ ಮಾರಿ ನೋಡಿ ಗೊತ್ತಾಯ್ತೊ?"